ಒಗೆದಿಟ್ಟ ಫೋನು

ಗರಿಗರಿಯ ಲಾಂಡ್ರಿಯಲ್ಲಿ ಹೊರಗಿನಿಂದ ಒಳಗೆ ಬಂದದ್ದು ಮೊದಲು ನೀರಿಗೆ ಹೋಗಬೇಕು, ಆಮೇಲೆ ಉಳಿದ ಮಾತು. ಅಂಗಡಿಯಿಂದ ತಂದ ಹೊಸ ಟವೆಲ್ ಆದರೂ ಸರಿ, ಭಾವಮೈದುನ ಉಡುಗೊರೆ ಕೊಟ್ಟ ಅಂಗಿಯಾದರೂ ಸರಿ, ಒಗೆಯದೆ ಅವನು ಮೈಗೆ ತಾಗಿಸುತ್ತಿರಲಿಲ್ಲ. ಹೀಗಾಗಿ ಬೀದಿಯ ಮೂಲೆಯ ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಸ್ಮಾರ್ಟ್‌ಫೋನ್ ಕೊಂಡು ತಂದ ಮರುದಿನ ಬೆಳಿಗ್ಗೆ ಅವನು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಒಗೆದದ್ದು. ನೀರಿನಲ್ಲಲ್ಲ, ಅಷ್ಟು ದಡ್ಡನೇನಲ್ಲ ಅವನು. ಒಳಗಿನಿಂದ ಒಗೆದ.

ಗರಿಗರಿ ಎಂಬುದು ಅವನಿಗೆ ಬೀದಿಯವರು ಇಟ್ಟ ಹೆಸರು. ಅವನ ಕೈಯಿಂದ ಇಸ್ತ್ರಿಯಾಗಿ ಹೋದ ಅಂಗಿ ಒಳಗೆ ಮನುಷ್ಯನಿಲ್ಲದಿದ್ದರೂ ಕುರ್ಚಿಯ ಮೇಲೆ ನೆಟ್ಟಗೆ ಕೂರಬಲ್ಲದು ಎಂದು ಹೇಳುತ್ತಿದ್ದರು. ಮನುಷ್ಯ ಮಾತ್ರ ಗರಿಗರಿಯಾಗಿರಲಿಲ್ಲ. ಆವಿಗೆ ಬೆಂದು ಬೆಂದು ಮೆತ್ತಗಾಗಿದ್ದ. ಯಾರು ಎಷ್ಟು ಸಣ್ಣ ಸಹಾಯ ಮಾಡಿದರೂ ಕರಗಿಹೋಗುತ್ತಿದ್ದ. "ಉಪಕಾರವಾಯ್ತು. ಒಂದು ಅಂಗಿ ತಂದುಕೊಡು, ಪುಕ್ಕಟೆ ಇಸ್ತ್ರಿ ಮಾಡಿಕೊಡ್ತೀನಿ" ಎನ್ನುತ್ತಿದ್ದ. ಅಂಗಡಿಯ ಒಂದು ಮೂಲೆಯಲ್ಲಿ ಇಂಥ ಉಪಕಾರದ ಅಂಗಿಗಳ ರಾಶಿ ಸದಾ ಇರುತ್ತಿತ್ತು. ಅವನ ಹೆಂಡತಿ ಅದನ್ನು ದಾಟುವಾಗಲೆಲ್ಲ ಕಾಲಿನಿಂದ ಸ್ವಲ್ಪ ಒಳಕ್ಕೆ ತಳ್ಳುತ್ತಿದ್ದಳು.

ಫೋನನ್ನು ಒಳಗಿನಿಂದ ಒಗೆಯುವ ವಿದ್ಯೆ ಹೇಳಿಕೊಟ್ಟವನು ಪಕ್ಕದ ಅಂಗಡಿಯ ಗಡಿಯಾರದವನು. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುವ ಅವನಿಗೆ ಲೋಕದ ಯಾವ ಯಂತ್ರವೂ ಗಡಿಯಾರದ ಚಿಕ್ಕ ತಮ್ಮನಂತೆ ಕಾಣುತ್ತಿತ್ತು.

"ಸ್ವಿಚ್ ಆಫ್ ಮಾಡು. ಈ ಗುಂಡಿ, ಆ ಗುಂಡಿ, ಎರಡೂ ಒಟ್ಟಿಗೆ ಒತ್ತಿ ಹಿಡಿ. ಕಪ್ಪು ಪರದೆ ಬರುತ್ತೆ. ಅದರಲ್ಲಿ ವೈಪ್ ಅಂತ ಒಂದು ಸಾಲು ಇರುತ್ತೆ. ಒರೆಸು ಅಂತ ಅರ್ಥ. ಅದನ್ನ ಒತ್ತಿಬಿಡು."

"ಕೊಳೆ ಪೂರಾ ಹೋಗುತ್ತಾ?"

"ಕೊಳೆ ಏನು ಬಂತು, ಹಿಂದಿನ ಜನ್ಮವೇ ಹೋಗುತ್ತೆ."

ಗರಿಗರಿ ಒತ್ತಿದ. ಹೆಂಡತಿ ಹೆಗಲ ಮೇಲೆ ಒದ್ದೆ ಬೆಡ್‌ಶೀಟು ಹಾಕಿಕೊಂಡು ಅವನ ಹಿಂದೆ ನಿಂತು ನೋಡುತ್ತಿದ್ದಳು. "ಇಷ್ಟೇನಾ? ಕಲೆ ತೆಗೆಯೋದಕ್ಕಿಂತ ಸುಲಭ. ಇದನ್ನ ನಾನೂ ಮಾಡ್ತೀನಿ" ಎಂದಳು.

ಫೋನು ಕಣ್ಣು ಮುಚ್ಚಿತು, ಕಣ್ಣು ಬಿಟ್ಟಿತು, ನಮಸ್ಕಾರ ಹೇಳಿತು, ಯಾವ ಭಾಷೆ ಬೇಕೆಂದು ಕೇಳಿತು. ಗರಿಗರಿ ಕನ್ನಡ ಎಂದು ಆರಿಸಿದ. ತೊಳೆದ ಗಾಜಿನಂತಿದ್ದ ಪರದೆಯನ್ನು ನೋಡಿ ಅವನಿಗೆ ಖುಷಿಯಾಯಿತು. ಆಗ ಪರದೆಯ ಮೇಲೆ ಈ ಅಕ್ಷರಗಳು ಮೂಡಿದವು: ಈ ಸಾಧನವನ್ನು ಮರುಹೊಂದಿಸಲಾಗಿದೆ. ಮುಂದುವರಿಯಲು, ಈ ಸಾಧನದಲ್ಲಿ ಈ ಹಿಂದೆ ಬಳಸಿದ ಖಾತೆಯೊಂದಿಗೆ ಸೈನ್ ಇನ್ ಮಾಡಿ.

ಅವನು ಅದನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಬಾಯಲ್ಲಿ ಓದಿದ. "ಹಾಗಂದ್ರೆ?"

ಗಡಿಯಾರದವನು ಭೂತಗನ್ನಡಿಯನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ನೋಡಿದ. "ಹಾಗಂದ್ರೆ, ಹಿಂದಿನ ಜನ್ಮ ಹೋಗಿಲ್ಲ ಅಂತ."

ಬೇರೆ ದಿನವಾಗಿದ್ದರೆ ಗರಿಗರಿ ಇಷ್ಟಕ್ಕೆ ಬೆವರುತ್ತಿರಲಿಲ್ಲ. ಆದರೆ ಫೋನು ಬೇಕಾಗಿದ್ದದ್ದು ಅವತ್ತೇ. ದೂರದ ಊರಿನಲ್ಲಿ ತಂಗಿಯ ಮನೆಯಲ್ಲಿದ್ದ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಎಷ್ಟೋ ವರ್ಷಗಳಿಂದ ಅಮ್ಮನಿಗೆ ಜನರೆಲ್ಲ ಸೋಪಿನ ನೀರಿನಾಚೆ ನಿಂತಂತೆ ಕಾಣುತ್ತಿದ್ದರು. ಆ ಸಂಜೆ ಐದೂವರೆಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವವರಿದ್ದರು. ಹೋಗಿ ಪಕ್ಕದಲ್ಲಿ ನಿಲ್ಲೋಣವೆಂದರೆ, ಎದುರಿನ ಹೋಟೆಲಿಗೆ ಯಾವುದೋ ಸಮ್ಮೇಳನದವರು ಬಂದಿಳಿದು, ಇಡೀ ಹೋಟೆಲಿನ ಬೆಡ್‌ಶೀಟುಗಳು ಅವನ ಅಂಗಡಿಯಲ್ಲಿ ಗುಡ್ಡದಂತೆ ಬಿದ್ದಿದ್ದವು. ಸಂಜೆಯೊಳಗೆ ಕೊಡಲೇಬೇಕು.

ತಂಗಿ ಅವನ ಹಳೆಯ ಗುಂಡಿ ಫೋನಿಗೆ ಕರೆ ಮಾಡಿ ಹೇಳಿದ್ದಳು: "ಅಣ್ಣಾ, ಅಮ್ಮ ಹಟ ಹಿಡಿದು ಕೂತಿದ್ದಾಳೆ. ಪಟ್ಟಿ ಬಿಚ್ಚಿದ ಮೇಲೆ ಮೊದಲು ನೋಡೋದು ನಿನ್ನ ಮುಖವಂತೆ. ನನ್ನ ಮುಖ ದಿನಾ ಇರುತ್ತಂತೆ. ನೀನು ಕಾಣೋವರೆಗೆ ಕಣ್ಣು ತೆರೆಯಲ್ಲ ಅಂತ ಡಾಕ್ಟರಿಗೇ ಹೇಳಿಬಿಟ್ಟಿದ್ದಾಳೆ. ಹೇಗಾದ್ರೂ ಮಾಡಿ ಒಂದು ವೀಡಿಯೊ ಬರೋ ಫೋನು ಇಟ್ಕೋ."

ಇಟ್ಟುಕೊಂಡಿದ್ದ. ಒಗೆದೂ ಇಟ್ಟುಕೊಂಡಿದ್ದ.

"ಗಾಬರಿ ಬೀಳಬೇಡ. ನಿಂತ ಗಡಿಯಾರಕ್ಕೆ ಒಂದು ಸಣ್ಣ ಪೆಟ್ಟು ಬೇಕಿರುತ್ತೆ ಅಷ್ಟೆ" ಎಂದು ಗಡಿಯಾರದವನು ಫೋನು ಕಸಿದುಕೊಂಡು ಪಕ್ಕದ ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿದ. ಫೋನಿನೊಳಗಿಂದ ಒಬ್ಬ ಹೆಂಗಸು ಮಾತಾಡಲು ಶುರುಮಾಡಿದಳು. ಕಣ್ಣು ಕಾಣದವರಿಗಾಗಿ ಪರದೆಯ ಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸೌಕರ್ಯವಂತೆ ಅದು. ಯಾವ ಗುಂಡಿಯಿಂದ ಹೊತ್ತಿಕೊಂಡಿತೋ ಗಡಿಯಾರದವನಿಗೂ ಗೊತ್ತಾಗಲಿಲ್ಲ. ಎಲ್ಲಿ ಮುಟ್ಟಿದರೂ ಅವಳು ಬಾಯಿ ತೆರೆಯುತ್ತಿದ್ದಳು.

"ಈ ಸಾಧನವನ್ನು ಮರುಹೊಂದಿಸಲಾಗಿದೆ" ಎಂದಳು, ಸಭೆಯಲ್ಲಿ ಸ್ವಾಗತ ಭಾಷಣ ಮಾಡುವ ದನಿಯಲ್ಲಿ. "ಹಿಂದಕ್ಕೆ. ಬಟನ್. ಸಕ್ರಿಯಗೊಳಿಸಲು ಎರಡು ಬಾರಿ ತಟ್ಟಿ."

ಒಗೆಯುವ ಕಲ್ಲಿನ ಕಡೆಯಿಂದ ಹೆಂಡತಿ ಕೂಗಿದಳು: "ಯಾರ್ರೀ ಅವಳು?"

"ಯಾರೂ ಇಲ್ಲ ಕಣೇ, ಫೋನು."

"ಫೋನಿಗೆ ಇಷ್ಟು ಮರ್ಯಾದೆಯಾಗಿ ಮಾತಾಡೋಕೆ ಬರುತ್ತಾ? ನನಗೆ ತಟ್ಟಿ ಅಂತ ಕೇಳಿಸ್ತು."

ಗಡಿಯಾರದವನು ಇನ್ನೊಂದಿಷ್ಟು ಗುಂಡಿ ಒತ್ತಿದ. ಹೆಂಗಸಿನ ದನಿ ಇನ್ನೂ ಜೋರಾಯಿತು. "ಒಳಗಡೆ ಬ್ಯಾಟರಿ ಚೆನ್ನಾಗಿದೆ" ಎಂದು ಹೇಳಿ ಅವನು ಫೋನನ್ನು ಮೆಲ್ಲಗೆ ಇಸ್ತ್ರಿ ಮೇಜಿನ ಮೇಲಿಟ್ಟು ತನ್ನ ಅಂಗಡಿಯ ಕಡೆ ಸರಿದ. ಗರಿಗರಿಗೆ ಅವನ ಬೆಳಗಿನ ಹೊತ್ತು ತಿಂದೆನಲ್ಲ ಎಂದು ಸಂಕೋಚವಾಯಿತು.

"ಉಪಕಾರವಾಯ್ತು ಮಾರಾಯ. ಒಂದು ಅಂಗಿ ತಂದುಕೊಡು."

ಗಡಿಯಾರದವನು ಎರಡು ತಂದ.

ಫೋನು ಮಾರಿದವನನ್ನು ಬೀದಿಯವರು ಸರ್ಜನ್ ಎನ್ನುತ್ತಿದ್ದರು. ಸತ್ತ ಫೋನುಗಳ ಹೊಟ್ಟೆ ಸೀಳಿ ಕೂತಿರುತ್ತಿದ್ದ. ಗರಿಗರಿ ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ಹೋದಾಗ ಅದು ತಾನಾಗಿಯೇ ತನ್ನ ಕಾಯಿಲೆ ಹೇಳಿಕೊಂಡಿತು. "ಈ ಹಿಂದೆ ಬಳಸಿದ ಖಾತೆಯೊಂದಿಗೆ ಸೈನ್ ಇನ್ ಮಾಡಿ."

"ಖಾತೆ ತೆಗೀದೆ ಒರೆಸಿಬಿಟ್ರಾ?" ಸರ್ಜನ್ ಹಣೆ ಹಿಡಿದುಕೊಂಡ. "ಯಾರು ಹೇಳಿಕೊಟ್ಟಿದ್ದು?"

"ಗಡಿಯಾರದವನು."

"ಅವನಿಗೆ ಟೈಮ್ ಎಷ್ಟು ಅಂತ ಕೇಳಿದ್ರೂ ಸುಮಾರಾಗಿ ಹೇಳ್ತಾನೆ. ನೋಡಿ ಅಣ್ಣ, ಇದು ಕಳ್ಳರಿಗೆ ಹಾಕಿದ ಬೀಗ. ಕದ್ದವನು ಎಷ್ಟೇ ಒರೆಸಲಿ, ಮೊದಲಿನ ಯಜಮಾನರು ಬಂದು ನಾನೇ ಅಂತ ಹೇಳೋವರೆಗೆ ತೆರೆಯಲ್ಲ."

"ನಾನು ಕದ್ದಿಲ್ಲವಲ್ಲಪ್ಪ."

"ನನಗೆ ಗೊತ್ತು. ಫೋನಿಗೆ ಗೊತ್ತಿಲ್ಲ."

"ನೀನೇ ಏನಾದ್ರೂ ಮಾಡೋಕಾಗಲ್ವಾ?"

"ನಾನು ದೇಹ ನೋಡೋನು ಅಣ್ಣ, ಆತ್ಮ ನೋಡಲ್ಲ. ಯಜಮಾನರನ್ನೇ ಹಿಡೀಬೇಕು."

"ಯಾರವರು?"

ಸರ್ಜನ್ ತಲೆ ಕೆರೆದುಕೊಂಡ. "ಯಾರೋ ಹೆಂಗಸು. ಹೆಸರು, ನಂಬರು ಒಂದೂ ಕೇಳಲಿಲ್ಲ. ಕೇಳೋಕೆ ಸಂದು ಸಿಗಲಿಲ್ಲ. ಬಂದಾಗಿನಿಂದ ಹೋಗೋವರೆಗೂ ಯಾರಿಗೋ ಬೈಯ್ತಾನೇ ಇದ್ರು. ಆ ಸಿಟ್ಟಲ್ಲೇ ಸಿಮ್ಮು ಕಿತ್ಕೊಂಡು ಫೋಟೋ ಅಳಿಸಿ ಕೊಟ್ಟುಹೋದ್ರು. ಖಾತೆ ತೆಗೆಯೋದು ಮರೆತಿದ್ದಾರೆ."

"ಯಾರಿಗೆ ಬೈತಿದ್ರು?"

"ಯಾವನೋ ಲಾಂಡ್ರಿಯವನಿಗೆ. ಕಣ್ಣೆದುರಿಗೆ ಅವರ ಕೋಟು ನೇತಾಡ್ತಿದ್ರೂ ಕೊಡಲಿಲ್ವಂತೆ. ಕಲ್ಲು ಮನಸ್ಸಿನ ಮುದುಕ ಅಂತ…"

ಸರ್ಜನ್ ಅಲ್ಲಿಗೆ ನಿಲ್ಲಿಸಿದ. ಬೀದಿಯಲ್ಲಿದ್ದದ್ದು ಒಂದೇ ಲಾಂಡ್ರಿ. ಇಬ್ಬರೂ ಫೋನಿನ ಕಡೆ ನೋಡಿದರು.

"ಮುದುಕ ಅಂದದ್ದು ಅವರು, ನಾನಲ್ಲ" ಎಂದ ಸರ್ಜನ್.

"ಗೊತ್ತು. ಉಪಕಾರವಾಯ್ತು. ಒಂದು ಅಂಗಿ ಕಳಿಸು."

ಗರಿಗರಿಯ ಅಂಗಡಿಯ ಗೋಡೆಯ ಮೇಲೆ ಕೆಂಪಕ್ಷರದಲ್ಲಿ "ಚೀಟಿ ಇಲ್ಲದೆ ಬಟ್ಟೆ ಇಲ್ಲ" ಎಂದು ಬರೆದಿತ್ತು. ಬಟ್ಟೆ ತಂದವರಿಗೆ ಅವನು ನಂಬರ್ ಬರೆದ ಗುಲಾಬಿ ಚೀಟಿ ಕೊಡುತ್ತಿದ್ದ. ಅಂಗಡಿ ತೆರೆದ ಹೊಸದರಲ್ಲಿ ಒಬ್ಬ ನಗುಮುಖದವನನ್ನು ನಂಬಿ ಬೇರೊಬ್ಬನ ಪ್ಯಾಂಟು ಕೊಟ್ಟು ಆಮೇಲೆ ಇಬ್ಬರಿಂದಲೂ ಬೈಸಿಕೊಂಡಿದ್ದ. ಅಂದಿನಿಂದ ಅಷ್ಟು ಮೆತ್ತಗಿನ ಮನುಷ್ಯ ಈ ಒಂದು ವಿಷಯದಲ್ಲಿ ಮಾತ್ರ ಗಂಜಿ ಹಾಕಿದ ಕಾಲರಿನಂತೆ ಬಾಗುತ್ತಿರಲಿಲ್ಲ.

ಕೋಟಿನ ಹೆಂಗಸು ಹಿಂದಿನ ಬೀದಿಯ ಹಲ್ಲಿನ ಡಾಕ್ಟರು. ಚೀಟಿ ಕಳೆದುಹಾಕಿಕೊಂಡು ಮತ್ತೆ ಮತ್ತೆ ಬಂದಿದ್ದರು. "ಅದೋ, ಅಲ್ಲೇ ಮೊಳೆಗೆ ನೇತಾಡ್ತಿದೆ, ಕಂದು ಬಣ್ಣದ್ದು, ಕಾಣ್ತಿಲ್ವಾ" ಎಂದು ಕೇಳಿದ್ದರು. ಅವನು ಬಹಳ ವಿನಯದಿಂದ, "ಕೋಟು ಕಾಣುತ್ತೆ ಮೇಡಂ. ಚೀಟಿ ಕಾಣ್ತಿಲ್ಲ" ಎಂದಿದ್ದ. ಆ ಉತ್ತರ ಅವತ್ತು ಅವನಿಗೆ ಬಹಳ ಚೆನ್ನಾಗಿ ಹೇಳಿದೆ ಎನ್ನಿಸಿತ್ತು.

ಬೆಡ್‌ಶೀಟುಗಳ ಗುಡ್ಡವನ್ನು ಹೆಂಡತಿಗೆ ಒಪ್ಪಿಸಿ ಗರಿಗರಿ ಹಿಂದಿನ ಬೀದಿಗೆ ಓಡಿದ. ಡಾಕ್ಟರು ಊರು ಬಿಡುವವರಿದ್ದರು. ಕ್ಲಿನಿಕ್ಕಿನ ಬಾಗಿಲಲ್ಲಿ ಇಂದೇ ಕೊನೆಯ ದಿನ ಎಂಬ ಹಲಗೆ ತೂಗುತ್ತಿತ್ತು. ಗೋಡೆಯ ಚಿತ್ರಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ವರ್ಷಗಟ್ಟಲೆ ಹಲ್ಲುನೋವನ್ನು ನಾಳೆಗೆ ಮುಂದೂಡಿದವರೆಲ್ಲ ಇನ್ನು ನಾಳೆ ಇಲ್ಲ ಎಂದು ಗೊತ್ತಾಗಿ ಬಂದು ಕೂತಿದ್ದರು.

"ನನಗೆ ಹಲ್ಲುನೋವಿಲ್ಲಮ್ಮ. ಡಾಕ್ಟ್ರ ಹತ್ರ ಒಂದೇ ಒಂದು ಮಾತು" ಎಂದ ಮೇಜಿನ ಹೆಂಗಸಿಗೆ.

"ಟೋಕನ್ ತಗೊಂಡು ಕೂತ್ಕೊಳ್ಳಿ."

"ಬರೀ ಮಾತು."

"ಮಾತಿಗೂ ಟೋಕನ್ನೇ. ಟೋಕನ್ ಇಲ್ಲದೆ ಒಳಗೆ ಬಿಡೋ ಪದ್ಧತಿ ಇಲ್ಲ ಇಲ್ಲಿ."

ಗರಿಗರಿಗೆ ಇದ್ದಕ್ಕಿದ್ದಂತೆ ಆ ಹೆಂಗಸಿನ ಮೇಲೆ ಗೌರವ ಹುಟ್ಟಿತು. ಟೋಕನ್ ತೆಗೆದುಕೊಂಡು ಕೂತ. ಊದಿದ ಕೆನ್ನೆಯ ಅಜ್ಜ ಮತ್ತು ಕರವಸ್ತ್ರ ಕಚ್ಚಿಕೊಂಡ ಹೆಂಗಸಿನ ನಡುವೆ ಸಿಕ್ಕ ಅಷ್ಟು ಜಾಗದಲ್ಲಿ ಒತ್ತಿಕೊಂಡು ಕೂತಾಗ ಜೇಬಿನೊಳಗಿನ ಫೋನು ಎಚ್ಚೆತ್ತಿತು.

"ಮುಂದುವರಿಯಲು, ಸೈನ್ ಇನ್ ಮಾಡಿ."

ಎಲ್ಲರೂ ತಿರುಗಿ ನೋಡಿದರು. ಗರಿಗರಿ ಜೇಬನ್ನು ಅದುಮಿದ. "ಅಮಾನ್ಯವಾಗಿದೆ. ಮತ್ತೆ ಪ್ರಯತ್ನಿಸಿ" ಎಂದಳು ಜೇಬಿನ ಹೆಂಗಸು. ಅವನು ಫೋನಿನ ಮೇಲೆ ಕೂತ. ತೊಡೆಯ ಕೆಳಗಿನಿಂದ ಅವಳು ಭಾಷೆಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದಳು.

ಅಜ್ಜ ಊದಿದ ಕೆನ್ನೆಯನ್ನು ಹಿಡಿದುಕೊಂಡೇ ಹೇಳಿದ: "ಆ ತಾಯಿ ಅಷ್ಟು ಕೇಳ್ಕೊಳ್ತಿದ್ದಾರೆ. ಏನೋ ಒಂದು ಮಾಡಿಬಿಡಪ್ಪ."

ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಒಳಗೆ ಡಾಕ್ಟರು ಮಾಸ್ಕಿನ ಹಿಂದಿದ್ದರು. ಬೆಳಗಿನಿಂದ ಮುಖಗಳನ್ನು ನೋಡುವುದನ್ನು ಬಿಟ್ಟು ಬಾಯಿಗಳನ್ನು ಮಾತ್ರ ನೋಡುತ್ತಿದ್ದರು. ಕುರ್ಚಿ ಅವನನ್ನು ತಾನಾಗಿ ಮಲಗಿಸಿತು.

"ಡಾಕ್ಟ್ರೇ, ನಾನು ಬಂದದ್ದು ಒಂದು ಫೋ…" ಎನ್ನಲು ಅವನು ಬಾಯಿ ತೆರೆದ. ಅಷ್ಟು ತೆರೆದದ್ದೇ ಸಾಕಾಯಿತು. ಕನ್ನಡಿ ಒಳಗೆ ಹೋಯಿತು, ಡಾಕ್ಟರ ಫೋನು ಹಲ್ಲಿನ ಫೋಟೋ ತೆಗೆಯಿತು.

"ಅಬ್ಬಾ. ಇದನ್ನ ಇಟ್ಕೊಂಡು ಹೇಗೆ ಬದುಕಿದ್ರಿ? ಎಷ್ಟು ದಿನದಿಂದ ನೋವಿದೆ?"

"ಆ ಆ ಆ."

"ಅಷ್ಟು ದಿನದಿಂದಲಾ?" ಎಂದು ಡಾಕ್ಟರು ಸೂಜಿ ಚುಚ್ಚಿದರು. "ಮರಗಟ್ಟೋವರೆಗೆ ಹಾಗೇ ಇರಿ."

ಮರಗಟ್ಟುವಷ್ಟು ಹೊತ್ತು ಗರಿಗರಿಯ ಪಾಲಿಗೆ ಸಿಕ್ಕಿತು. ತುಟಿಯ ಒಂದು ಬದಿ ಅದಾಗಲೇ ಬೇರೆಯವರದ್ದಾಗಿತ್ತು. ಉಳಿದ ಅರ್ಧದಿಂದ ಹೇಳಿದ: "ದಾಕ್ತ್ರೇ, ನಾನು ಲಾಂದ್ರಿಯವನು."

ಡಾಕ್ಟರು ನಿಧಾನವಾಗಿ ಮಾಸ್ಕು ಇಳಿಸಿದರು. ಮೊದಲ ಸಲ ಅವನ ಬಾಯಿ ಬಿಟ್ಟು ಮುಖ ನೋಡಿದರು.

"ಓ," ಎಂದರು. "ಚೀಟಿ."

ಗರಿಗರಿ ಫೋನು ತೆಗೆದು ತೋರಿಸಿದ. ಕೊಂಡದ್ದು, ಒಗೆದದ್ದು, ಬೀಗ ಬಿದ್ದದ್ದು ಎಲ್ಲವನ್ನೂ ಸಾಧ್ಯವಾದಷ್ಟು ತುಟಿಯಿಂದ ವಿವರಿಸಿದ. ಡಾಕ್ಟರು ಇಕ್ಕಳವನ್ನು ಒರೆಸುತ್ತ ಕೇಳಿಸಿಕೊಂಡರು.

"ಹಾಗಾದ್ರೆ ಫೋನು ಈಗ ನಿಮ್ಮದು."

"ಹೌದು."

"ನಿಮ್ಮ ಕೈಲೇ ಇದೆ. ಆದ್ರೂ ತೆರೀತಿಲ್ಲ."

"ಇಲ್ಲ ದಾಕ್ತ್ರೇ."

"ಫೋನು ಕಾಣುತ್ತೆ," ಎಂದರು ಡಾಕ್ಟರು. "ಚೀಟಿ ಕಾಣ್ತಿಲ್ಲ."

ಗರಿಗರಿ ಚಾವಣಿ ನೋಡುತ್ತ ಮಲಗಿದ. ಈ ಮಾತನ್ನು ಕೇಳುವವರ ಜಾಗದಲ್ಲಿ ಮಲಗಿ ಕೇಳಿದರೆ ಹೇಗಿರುತ್ತದೆ ಎಂದು ಅವನಿಗೆ ಮೊದಲ ಬಾರಿ ತಿಳಿಯಿತು. ವಾದ ಮಾಡಬೇಕೆನ್ನಿಸಲಿಲ್ಲ. ಅಮ್ಮನ ಕಣ್ಣಿನ ವಿಷಯ ಹೇಳಿದ. ಪಟ್ಟಿ ಬಿಚ್ಚುವುದು, ಮೊದಲು ತನ್ನ ಮುಖ ನೋಡುತ್ತೇನೆಂದು ಕೂತಿರುವುದು. ತ ಮತ್ತು ಟ ಒಂದೇ ಆಗಿಹೋಗಿದ್ದ ಬಾಯಲ್ಲಿ ಅದು ಇನ್ನಷ್ಟು ದೀನವಾಗಿ ಕೇಳಿಸಿರಬೇಕು. ಡಾಕ್ಟರ ಕೈ ನಿಂತಿತು.

"ಎಷ್ಟೊತ್ತಿಗೆ ಕರೆ ಬರೋದು?"

"ಐದೂವರೆ."

"ನನ್ನ ಟ್ರೈನು ಆರಕ್ಕೆ. ಸ್ಟೇಷನ್ನಿಗೆ ಹೋಗುವಾಗ ನಿಮ್ಮ ಅಂಗಡಿ ಮುಂದೆ ಗಾಡಿ ನಿಲ್ಲಿಸ್ತೀನಿ. ಈಗ ಹೊರಗೆ ಅಷ್ಟು ಜನ ಕೂತಿದ್ದಾರೆ, ಫೋನು ಹಿಡ್ಕೊಂಡು ಕೂರೋಕಾಗಲ್ಲ. ಬಾಯಿ ತೆಗೀರಿ."

"ಹಲ್ಲು ಬೇದ ದಾಕ್ತ್ರೇ, ನನಗೆ ನೋವೇ ಇಲ್ಲ."

"ಶುರು ಮಾಡಿದ್ದನ್ನ ಅರ್ಧಕ್ಕೆ ಬಿಡೋದು ನನ್ನ ಪದ್ಧತಿಯಲ್ಲ. ನಿಮಗೊಂದು ಪದ್ಧತಿ ಇರೋ ಹಾಗೆ ನನಗೂ ಒಂದಿದೆ."

ಗರಿಗರಿ ಕೆನ್ನೆಯೊಳಗೆ ಹತ್ತಿ ತುಂಬಿಕೊಂಡು, ಒಂದು ಹಲ್ಲು ಕಡಿಮೆಯಾಗಿ, ತುಂಬಿದ ಹೃದಯದಿಂದ ಮೆಟ್ಟಿಲಿಳಿದ. ಬಾಗಿಲಲ್ಲಿ ನಿಂತು ಉಪಕಾರವಾಯ್ತು ಎಂದು ಹೇಳಲು ನೋಡಿದ. ಹತ್ತಿ ಅಡ್ಡ ಬಂತು. ಕೈಮುಗಿದ.

ಅಂಗಡಿಯ ಮುಂದೆ ಐದು ಗಂಟೆಯಿಂದಲೇ ಜನ ಸೇರಿದ್ದರು. ಗಡಿಯಾರದವನು ತನ್ನಿಂದಲೇ ಶುರುವಾದದ್ದು ತನ್ನೆದುರೇ ಮುಗಿಯಲಿ ಎಂದು ಅಂಗಡಿ ಮುಚ್ಚಿಯೇ ಬಂದಿದ್ದ. ಸರ್ಜನ್ ಸಿಮ್ಮು ಹಾಕುವ ಸೂಜಿ ಹಿಡಿದು ಆಪರೇಷನ್ನಿಗೆ ತಯಾರಾಗಿದ್ದ. ಹೆಂಡತಿ ಬೆಡ್‌ಶೀಟುಗಳ ಗುಡ್ಡವನ್ನು ಒಬ್ಬಳೇ ಮಡಿಚಿ ಮುಗಿಸಿ, ಸೊಂಟಕ್ಕೆ ಕೈಕೊಟ್ಟು ನಿಂತು ಗಂಡನ ಮುಖ ನೋಡಿದಳು.

"ಫೋನ್ ಸರಿ ಮಾಡಿಸ್ಕೊಂಡು ಬರ್ತೀನಿ ಅಂತ ಹೋಗಿ ಹಲ್ಲು ಕೊಟ್ಟು ಬಂದ್ರಾ?"

"ಪುಕ್ಕತೆ ಕಿತ್ತರು ಕಣೇ" ಎಂದ ಗರಿಗರಿ ಕೃತಜ್ಞತೆಯಿಂದ.

ಹೆಂಡತಿ ಬೆಡ್‌ಶೀಟುಗಳನ್ನು ಗಂಟು ಕಟ್ಟಲು ಒಳಗೆ ಹೋದಳು. ಡಾಕ್ಟರ ಗಾಡಿ ಪೆಟ್ಟಿಗೆಗಳನ್ನು ಹೊತ್ತುಕೊಂಡು ಬಂದು ನಿಂತಿತು. ಅವರು ಇಳಿದವರೇ ಫೋನು ತೆಗೆದುಕೊಂಡು ನಿಂತಲ್ಲೇ ಟೈಪು ಮಾಡಿದರು. ಅಕ್ಷರ ಅಕ್ಷರಕ್ಕೂ ಒಳಗಿನ ಹೆಂಗಸು "ಚುಕ್ಕೆ, ಚುಕ್ಕೆ, ಚುಕ್ಕೆ" ಎನ್ನುತ್ತಿದ್ದಳು. ಡಾಕ್ಟರ ಹೊಸ ಫೋನಿಗೆ ಒಂದು ಪ್ರಶ್ನೆ ಬಂತು: ಹಳೆಯ ಫೋನು ತೆರೆಯುತ್ತಿರುವುದು ನೀವೇನಾ?

"ಒಂದು ರೀತಿಯಲ್ಲಿ" ಎಂದು ಡಾಕ್ಟರು ಹೌದು ಒತ್ತಿದರು.

ಫೋನು ತೆರೆಯಿತು. ಗಡಿಯಾರದವನು ಚಪ್ಪಾಳೆ ತಟ್ಟಿದ. ಸರ್ಜನ್ ಮೊದಲು ಆ ಹೆಂಗಸಿನ ಬಾಯಿ ಮುಚ್ಚಿಸಿದ, ಆಮೇಲೆ ಗರಿಗರಿಯ ಸಿಮ್ಮು ಹಾಕಿ ವೀಡಿಯೊ ಕರೆಗೆ ಬೇಕಾದದ್ದನ್ನೆಲ್ಲ ತುಂಬತೊಡಗಿದ.

"ಕೇಳಿ," ಎಂದರು ಡಾಕ್ಟರು. "ನನ್ನ ಫೋಟೋಗಳೆಲ್ಲ ಬಂದು ಬೀಳೋ ಖಾತೆ ಇನ್ನೂ ಅದರೊಳಗಿದೆ. ಅದನ್ನ ನಿಧಾನವಾಗಿ, ಸರಿಯಾಗಿ ತೆಗೀಬೇಕು. ಈಗ ನನಗೂ ಟೈಮಿಲ್ಲ, ನಿಮಗೂ ಟೈಮಿಲ್ಲ. ಊರು ತಲುಪಿದ ಮೇಲೆ ಹೇಗೆ ಅಂತ ಹೇಳಿಕೊಡ್ತೀನಿ. ಅಲ್ಲಿವರೆಗೆ ಏನೂ ಒರೆಸೋಕೆ ಹೋಗಬೇಡಿ. ನನ್ನ ಹೊಸ ನಂಬರು ಇದರಲ್ಲೇ ಹಾಕಿದ್ದೀನಿ. ನಾಳೆ ನೀವೇ ಫೋನ್ ಮಾಡಿ. ಒಂದು ಚೀಟಿಯಲ್ಲೂ ಬರೆದುಕೊಡ್ಲಾ?"

ಗರಿಗರಿ ಮೊಳೆಯಿಂದ ಕಂದು ಕೋಟು ತೆಗೆದ. ಅದನ್ನು ಅವನು ಇಷ್ಟು ದಿನ ಕೊಡದಿದ್ದರೂ ವಾರಕ್ಕೊಮ್ಮೆ ಧೂಳು ಕೊಡವಿ ಬ್ರಷ್ ಹಾಕಿ ಇಟ್ಟಿದ್ದ. ಎರಡೂ ಕೈಯಲ್ಲಿ ಹಿಡಿದು ಡಾಕ್ಟರ ಮುಂದೆ ನಿಂತ. ಕಣ್ಣು ತುಂಬಿ ಬಂತು. ಗೋಡೆಯ ಮೇಲಿನ ಕೆಂಪಕ್ಷರದ ಕಡೆ ನೋಡಲಿಲ್ಲ.

"ಚೀತಿ ಯಾಕೆ ದಾಕ್ತ್ರೇ," ಎಂದ. "ನಮ್ಮ ನಡುವೆ ಇನ್ನು ಚೀತಿ ಬೇದ."

ಗರಿಗರಿ ಚೀಟಿ ಇಲ್ಲದೆ ಬಟ್ಟೆ ಕೊಟ್ಟದ್ದನ್ನು ಅಲ್ಲಿದ್ದ ಯಾರೂ ಅದುವರೆಗೆ ಕಂಡಿರಲಿಲ್ಲ. ಡಾಕ್ಟರು ಕೋಟು ಹಾಕಿಕೊಂಡು ಕಾಲರ್ ಮೇಲೆತ್ತಿ ಮೂಸಿ ನೋಡಿದರು. "ಚೆನ್ನಾಗಿ ಒಗೆದಿದ್ದೀರಿ" ಎಂದರು. ಗಾಡಿ ಹೊರಟುಹೋಯಿತು.

ಕರೆ ಬಂತು.

ಪರದೆಯ ತುಂಬ ಮೊದಲು ತಂಗಿಯ ಹೆಬ್ಬೆರಳು, ಆಮೇಲೆ ಆಸ್ಪತ್ರೆಯ ಫ್ಯಾನು, ಕೊನೆಗೆ ಅಮ್ಮ. ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. "ಬಂದನಾ?" ಎಂದಳು. "ಬಂದ, ತೆರಿ ಅಮ್ಮ" ಎಂದಳು ತಂಗಿ. ಅಮ್ಮ ನಿಧಾನವಾಗಿ ಕಣ್ಣು ತೆರೆದು, ಮಿಟುಕಿಸಿ, ಫೋನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಮುಖ ಬಾಡಿತು.

"ಆಪರೇಷನ್ ಕೆಟ್ಟಿದೆ ಕಣೇ. ಮುಖ ಒಂದು ಕಡೆಗೆ ಸೊಟ್ಟಗೆ ಕಾಣ್ತಿದೆ."

ಅಲ್ಲಿ ಯಾವುದೋ ಗಾಬರಿಯ ಸದ್ದಾಯಿತು. ಕಣ್ಣಿನ ಡಾಕ್ಟರರ ಅರ್ಧ ಮುಖ ಪರದೆಯೊಳಗೆ ಬಂದು ಹೋಯಿತು.

"ಕಣ್ಣು ಸರಿಯಾಗಿದೆ ಅಮ್ಮ, ಮುಖವೇ ಸೊತ್ತಗಿದೆ. ಹಲ್ಲು ಕೀಳಿಸಿದೆ."

"ಮಾತೂ ಸೊಟ್ಟಗೆ ಕೇಳಿಸ್ತಿದೆ. ಕಿವಿಯೂ ಹೋಯ್ತೋ ಏನೋ." ಆದರೆ ಅವಳು ಕಣ್ಣು ತೆಗೆಯದೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಕೂದಲೆಲ್ಲೋ?"

"ಅದು ಹೋಗಿ ಬಹಳ ಕಾಲವಾಯ್ತು."

"ನನಗೆ ಯಾರೂ ಹೇಳಲೇ ಇಲ್ಲ." ಮತ್ತೆ ನೋಡಿದಳು. "ಯಾವಾಗ ಇಷ್ಟು ಮುದುಕ ಆದೆ ನೀನು? ನಾನು ಆಕಡೆ ತಿರುಗಿದಾಗ ಆಗಿಬಿಟ್ಟೆ." ಕೈ ಚಾಚಿ ಪರದೆಯ ಮೇಲೆ ಅವನ ಬೋಳು ತಲೆಯನ್ನು ಸವರಿದಳು. ಕರೆ ಕಟ್ಟಾಗುವಂತಾಗಿ ತಂಗಿ ಆ ಕೈಯನ್ನು ಹಿಡಿದುಕೊಂಡಳು. "ಕಾಲರ್ ನೋಡ್ಕೋ. ಊರಿಗೆಲ್ಲ ಇಸ್ತ್ರಿ ಮಾಡೋನು, ಇವನ ಕಾಲರ್ ನಾಯಿ ಎಳೆದ ಹಾಗಿದೆ. ನೂಲು ನೂಲೂ ಕಾಣ್ತಿದೆ ನನಗೆ."

ಗರಿಗರಿ ಆ ಕಾಲರಿನಿಂದಲೇ ಕಣ್ಣೊರೆಸಿಕೊಂಡ. ಗಡಿಯಾರದವನು ಭೂತಗನ್ನಡಿ ತೆಗೆದು ಕಣ್ಣುಜ್ಜಿದ. ಅದಿಲ್ಲದೆ ಅವನ ಮುಖ ಯಾರಿಗೂ ಗುರುತು ಹತ್ತಲಿಲ್ಲ.

"ನಾಳೆಯಿಂದ ದಿನಾ ಇದೇ ಹೊತ್ತಿಗೆ ನೋಡ್ತೀನಿ" ಎಂದಳು ಅಮ್ಮ. "ಇಷ್ಟು ವರ್ಷ ನೋಡದೇ ಇದ್ದದ್ದೆಲ್ಲ ಬಾಕಿ ಇದೆ. ನಾಳೆ ಒಳ್ಳೆ ಅಂಗಿ ಹಾಕ್ಕೊಂಡು ಕೂತ್ಕೋ."

ಕರೆ ಮುಗಿದ ಮೇಲೆ ಗರಿಗರಿ ಸಿಕ್ಕವರಿಗೆಲ್ಲ ಉಪಕಾರ ಹೇಳಿದ. ಸಿಮ್ಮು ಹಾಕಿದ ಸರ್ಜನ್‌ಗೆ, ಎಲ್ಲವನ್ನೂ ಶುರುಮಾಡಿದ ಗಡಿಯಾರದವನಿಗೆ, ಸುಮ್ಮನೆ ನಿಂತು ನೋಡಿದವರಿಗೆ. "ಅಂಗಿ ತನ್ನಿ, ಎಲ್ಲರೂ ಅಂಗಿ ತನ್ನಿ" ಎಂದ. ಬೆಡ್‌ಶೀಟುಗಳನ್ನು ತಳ್ಳುಗಾಡಿಗೆ ಹೇರಿಕೊಂಡು ಹೋಟೆಲಿಗೆ ಹೊರಟ. ಅಲ್ಲಿ ಎಣಿಸಿ ಒಪ್ಪಿಸುವಾಗಲೂ ಅವನ ಅರ್ಧ ಬಾಯಿ ನಗುತ್ತಿತ್ತು, ಉಳಿದರ್ಧ ಇನ್ನೂ ಎಚ್ಚರವಾಗಿರಲಿಲ್ಲ. ದಾರಿಯಲ್ಲಿ ನಾಳೆಗೆ ನೀಲಿ ಅಂಗಿಯೋ ಬಿಳಿಯದೋ ಎಂದು ಯೋಚಿಸುತ್ತ ಬಂದ.

ಅಂಗಡಿಗೆ ಮರಳಿದಾಗ ಹೆಂಡತಿ ಇಸ್ತ್ರಿ ಮೇಜಿನ ಮುಂದೆ ಕೂತಿದ್ದಳು. ಫೋನು ಮಡಿಚಿದ ಬಿಳಿ ಟವೆಲಿನ ಮೇಲೆ ಮಲಗಿತ್ತು.

"ರೀ, ನೀವು ಬೆಳಗಿನಿಂದ ಊರಿನವರಿಗೆಲ್ಲ ಉಪಕಾರ ತೀರಿಸ್ತಾನೇ ಇದ್ರಿ. ನಾನೂ ನಿಮಗೆ ಒಂದು ಉಪಕಾರ ಮಾಡಿದ್ದೀನಿ."

"ಏನೇ?"

"ನೀವು ಆಕಡೆ ಹೋದ್ರಿ, ಈಕಡೆ ಇದರಲ್ಲಿ ಫೋಟೋ ಬರೋಕೆ ಶುರುವಾಯ್ತು. ಒಂದರ ಹಿಂದೆ ಒಂದು. ನೋಡಿದ್ರೆ ಹಲ್ಲು. ಬರೀ ಹಲ್ಲು. ಯಾರ್ಯಾರದೋ ಬಾಯಿ, ಯಾರ್ಯಾರದೋ ಹುಳುಕು. ಅದರಲ್ಲಿ ನಿಮ್ಮದೂ ಒಂದು ಇತ್ತು, ಅದಕ್ಕೇ ಹೇಳ್ತಿದ್ದೀನಿ. ನಾಳೆ ಅತ್ತೆ ಇದರಲ್ಲಿ ಮುಖ ನೋಡೋರು. ಇಂಥ ಕೊಳೆ ಇಟ್ಕೊಂಡು ಹೇಗೆ ಅಂತ, ನೀವು ಬೆಳಿಗ್ಗೆ ಮಾಡಿದ ಹಾಗೇ ಎರಡು ಗುಂಡಿ ಒತ್ತಿ ಒಳಗೆಲ್ಲ ಒಗೆದಿಟ್ಟಿದ್ದೀನಿ. ಒಂದು ಹಲ್ಲೂ ಉಳಿದಿಲ್ಲ, ನೋಡಿ."

ಗರಿಗರಿ ನೋಡಿದ. ಫೋನು ನಮಸ್ಕಾರ ಹೇಳುತ್ತಿತ್ತು. ಭಾಷೆ ಕೇಳಿತು. ಅವನು ಕನ್ನಡ ಎಂದು ಆರಿಸಿದ. ಆಮೇಲೆ ಬಂದ ಸಾಲನ್ನು ಓದಬೇಕಾಗಿರಲಿಲ್ಲ, ಅದು ಅವನಿಗೆ ಬಾಯಿಪಾಠವಾಗಿತ್ತು.

"ಡಾಕ್ಟ್ರ ನಂಬರು?" ಎಂದ. ತುಟಿ ಅಷ್ಟರಲ್ಲಿ ಎಚ್ಚರಗೊಂಡಿತ್ತು. ಟ ಸರಿಯಾಗಿಯೇ ಬಂತು.

"ಯಾವ ನಂಬರು?"

"ಇದರಲ್ಲಿ ಹಾಕಿದ್ರಲ್ಲ."

ಹೆಂಡತಿ ಫೋನಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. "ಅದೂ ಒಳಗೇ ಇತ್ತಾ?"

ಗರಿಗರಿ ಗೋಡೆಯ ಕಡೆ ತಿರುಗಿದ. ಕೋಟಿನ ಮೊಳೆ ಖಾಲಿಯಾಗಿತ್ತು. ಕೋಟು ಅಲ್ಲೇ ನೇತಾಡುತ್ತಿದ್ದರೆ ಅದಕ್ಕಾಗಿಯಾದರೂ ಡಾಕ್ಟರು ಒಂದು ದಿನ ಬರುತ್ತಿದ್ದರು. ಅವರು ಕಳೆದುಹಾಕಿಕೊಂಡ ಗುಲಾಬಿ ಚೀಟಿ ಅವರ ಬಳಿ ಇದ್ದಿದ್ದರೆ ಅದರ ಮೇಲೆ ಅಂಗಡಿಯ ಫೋನ್ ನಂಬರಾದರೂ ಇರುತ್ತಿತ್ತು. ಕ್ಲಿನಿಕ್ಕಿಗೆ ಬೀಗ ಬಿದ್ದಾಗಿತ್ತು. ಟ್ರೈನು ಹೋಗಿ ಆಗಿತ್ತು. ನಾಳೆ ಐದೂವರೆಗೆ ಅಮ್ಮ ಕಣ್ಣು ಬಿಟ್ಟುಕೊಂಡು ಕೂತಿರುತ್ತಾಳೆ.

ಸಿಟ್ಟು ಮಾಡೋಣವೆಂದು ನೋಡಿದ. ಬರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವಳಿಗೆ ಅವನು ಕಲಿಸಿದ್ದೇ ಇದು. ಇಡೀ ದಿನ ಅವಳು ಒಬ್ಬಳೇ ಅಷ್ಟು ಬೆಡ್‌ಶೀಟು ಮಡಿಚಿದ್ದಳು. ಆಮೇಲೆ ಕೂತು ಇದನ್ನೂ ಒಗೆದಿದ್ದಳು. ಅಮ್ಮನಂತೂ ಇವತ್ತು ಅವನನ್ನು ನೋಡಿದ್ದಳು, ನೂಲು ನೂಲೂ ನೋಡಿದ್ದಳು.

"ಚೆನ್ನಾಗಿ ಒಗೆದಿದ್ದೀಯ ಕಣೇ," ಎಂದ. "ಉಪಕಾರವಾಯ್ತು."

ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ಎತ್ತುವಷ್ಟರಲ್ಲಿ ಸುದ್ದಿ ಬೀದಿಯ ಎರಡೂ ತುದಿಗೆ ಮುಟ್ಟಿತ್ತು. ಗಡಿಯಾರದವನು ನಿಂತಿದ್ದ, ಇನ್ನೊಂದು ಗುಂಡಿ ಇದೆ ಎನ್ನುತ್ತಿದ್ದ. ಸರ್ಜನ್ ನಿಂತಿದ್ದ. ಊದಿದ ಕೆನ್ನೆಯ ಅಜ್ಜನೂ ಅಷ್ಟು ದೂರದಿಂದ ವಿಚಾರಿಸಿಕೊಂಡು ಬಂದು ನಿಂತಿದ್ದ. ಸಹಾಯ ಮಾಡಲು ಬಂದ ಎಲ್ಲರ ಕೈಯಲ್ಲೂ ಒಂದೊಂದು ಮುದುಡಿದ ಅಂಗಿ ಇತ್ತು.